ಉತ್ತರದ ಸೂರು

ಮಾರ್ಲೀನ್ ಫೋನ್ ಮಾಡಿದಾಗ ಲೆನರ್ಡ್ ಸೊಬ್ಚಾಕ್ ತನ್ನ ಬಾಡಿಗೆ ಮನೆಯ ಒಲೆಯ ಮುಂದೆ ನಿಂತುಕೊಂಡೇ ಸೂಪು ಕುಡಿಯುತ್ತಿದ್ದ. ಒಬ್ಬನೇ ಇದ್ದೂ ಇದ್ದೂ ಕೂತು ಉಣ್ಣುವುದು ಅವನಿಗೆ ಮರೆತೇ ಹೋಗಿತ್ತು. ಹದಿನಾಲ್ಕು ವರ್ಷದ ಮೇಲೆ ಕೇಳಿದ ದನಿಯಾದರೂ, ಹೆಸರು ಹೇಳುವ ಮೊದಲೇ ಗುರುತು ಹತ್ತಿತು.

"ಲೆನ್, ಮಾಡು ಸೋರ್ತಿದೆ. ಈ ಡೆಪ್ಯೂ ಊರಲ್ಲಿ ಯಾರನ್ನ ಕೇಳಿದ್ರೂ ಚಳಿಗಾಲ ಕಳೀಲಿ ಅಂತಾರೆ. ನೀನು ಬರ್ತೀಯಾ? ಆಗಲ್ಲ ಅಂದ್ರೂ ಬೇಜಾರಿಲ್ಲ."

"ಅಡುಗೆಮನೆ ಕಡೆಗಾ?"

"ಹೌದು. ನಿಂಗೆ ಹೇಗ್ಗೊತ್ತು?"

"ಉತ್ತರ ದಿಕ್ಕಲ್ವಾ, ಬಿಸಿಲು ಬೀಳಲ್ಲ," ಎಂದ ಲೆನ್. ಸೂಪಿನ ಬಟ್ಟಲನ್ನು ಪಕ್ಕಕ್ಕಿಟ್ಟ.

ಮಾಡು ಹೊದಿಸುವುದೇ ಅವನ ಕಸುಬು; ಆ ಮಾಡನ್ನು ಹೊದಿಸಿದವನೂ ಅವನೇ. ಇಪ್ಪತ್ತಾರು ವರ್ಷದ ಹಿಂದೆ ಅದು ಅವನ ಮನೆ, ಮಾರ್ಲೀನ್ ಅವನ ಹೆಂಡತಿ. ಮಕ್ಕಳಾಗಲಿಲ್ಲ. ಅವರೇನು ಜಗಳವಾಡಿ ಬೇರೆಯಾದವರಲ್ಲ. ಇಬ್ಬರ ನಡುವೆ ಮಾತು ಸವೆಯುತ್ತ ಸವೆಯುತ್ತ ಒಂದು ದಿನ ಇಲ್ಲವೇ ಆಯಿತು. ಹದಿನಾಲ್ಕು ವರ್ಷದ ಹಿಂದೆ ಅವನು ಬಟ್ಟೆಬರೆ ತುಂಬಿಕೊಂಡು ಹೊರಟ. ಮರುವರ್ಷ ಅವಳು ನಾರ್ಬರ್ಟ್ ಎಂಬ ಬಸ್ ಡ್ರೈವರನ್ನು ಮದುವೆಯಾದಳು. ಲೆನ್ ಮತ್ತೆ ಯಾರನ್ನೂ ಮಾಡಿಕೊಳ್ಳಲಿಲ್ಲ.

ನವೆಂಬರ್ ಮೊದಲ ವಾರ. ಗುರುವಾರ ರಾತ್ರಿ ಹತ್ತಿರದ ದೊಡ್ಡ ಸರೋವರದ ಕಡೆಯಿಂದ ಹಿಮ ಬರುತ್ತದೆಂದು ರೇಡಿಯೋ ಹೇಳುತ್ತಿತ್ತು. ಬುಧವಾರ ಬೆಳಿಗ್ಗೆಯೇ ಲೆನ್ ಮೂವರು ಕೆಲಸಗಾರರನ್ನು ಕಟ್ಟಿಕೊಂಡು ಬಂದ. ಮಾರ್ಲೀನ್ ಬಾಗಿಲಲ್ಲಿ ನಿಂತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. ಅವಳ ಹಿಂದೆ ವಾಕರ್ ಹಿಡಿದುಕೊಂಡ ಒಬ್ಬ ಎತ್ತರದ ಮನುಷ್ಯ.

"ನಾರ್ಬರ್ಟ್," ಎಂದಳು ಅವಳು. "ಹೋದ ಫೆಬ್ರುವರಿಯಲ್ಲಿ ಸೂರಿನ ಹಿಮಗಡ್ಡೆ ಒಡೆಯೋಕೆ ಏಣಿ ಹತ್ತಿದ್ರು. ಜಾರಿ ಬಿದ್ದು ಸೊಂಟದ ಮೂಳೆ ಮುರೀತು."

"ಹಾರೋದು ಕಲಿಯೋಣ ಅಂತಿದ್ದೆ," ಎಂದು ನಾರ್ಬರ್ಟ್ ನಕ್ಕ. "ರೆಕ್ಕೆ ಕೊಡೋಕೆ ದೇವರು ಮರೆತುಬಿಟ್ಟ."

ಲೆನ್ ನಗಲಿಲ್ಲ. ಬಿದ್ದದ್ದು ಯಾವ ಕಡೆಗೆಂದು ಕೇಳಲೂ ಇಲ್ಲ.

ದಕ್ಷಿಣದ ಇಳಿಜಾರಿನ ಹಳೆಯ, ತೆಳ್ಳನೆಯ ಡಾಂಬರು ಹೆಂಚುಗಳನ್ನು ಸಲಿಕೆಯಿಂದ ಎಬ್ಬಿಸಿ ಕಿತ್ತರು. ಕೆಳಗಿನ ಹಲಗೆ ಇನ್ನೂ ಗಟ್ಟಿಯಾಗಿತ್ತು. ಉತ್ತರದ ಕಡೆ ಮಾತ್ರ ಲೆನ್ ಬೇರೆ ಯಾರನ್ನೂ ಕಳಿಸದೆ ತಾನೇ ಇಳಿದ. ಆದರೆ ಅವನ ಜೊತೆ ಹದಿನೆಂಟು ವರ್ಷದಿಂದ ದುಡಿಯುತ್ತಿದ್ದ ಕರ್ಟಿಸ್, ಹೇಳದಿದ್ದರೂ ಹಿಂದೆಯೇ ಬಂದ. ಸೂರಿನಂಚಿನ ಹೆಂಚು ಎತ್ತಿದ್ದೇ ತಡ, ಹಲಗೆ ನೆನೆದ ರೊಟ್ಟಿಯ ಹಾಗೆ ಸಲಿಕೆಗೆ ಅಂಟಿಕೊಂಡು ಬಂತು.

"ಇಲ್ಲಿ ರಬ್ಬರ್ ಹಾಳೇನೇ ಇಲ್ಲ ಬಾಸ್!" ಎಂದ ಕರ್ಟಿಸ್. "ಆ ಕಡೆ ಇದೆ, ಈ ಕಡೆ ಬರೀ ಕರಿ ಕಾಗದ. ಯಾವ ಕತ್ತೆ ಹೊದಿಸಿದ್ದಪ್ಪಾ ಇದನ್ನ?"

"ನಾನೇ," ಎಂದ ಲೆನ್.

ಕರ್ಟಿಸ್ ಅವನ ಮುಖವನ್ನೊಮ್ಮೆ ನೋಡಿದ. ಆಮೇಲೆ ಕೊಳೆತ ಹಲಗೆಯನ್ನು ಕೀಳತೊಡಗಿದ.

ಹಿಮದ ಊರಿನಲ್ಲಿ ಮಾಡು ಹೊದಿಸುವವನಿಗೆ ಇದು ಮೊದಲ ಪಾಠ. ಮನೆಯೊಳಗಿನ ಬಿಸಿಗೆ ಮೇಲಿನ ಹಿಮ ಕರಗಿ ಇಳಿದು, ತಣ್ಣನೆಯ ಸೂರಿನಂಚಿಗೆ ಬಂದು ಮತ್ತೆ ಗಡ್ಡೆ ಕಟ್ಟುತ್ತದೆ. ಅದರ ಹಿಂದೆ ನಿಂತ ನೀರು ಹೆಂಚಿನಡಿಗೆ ನುಗ್ಗುತ್ತದೆ. ಅದಕ್ಕೇ ಅಂಚಿನುದ್ದಕ್ಕೂ ಅಂಟಿನ ರಬ್ಬರ್ ಹಾಳೆ ಹಾಸಬೇಕು. ಈ ಮಾಡು ಹೊದಿಸಿದ ವರ್ಷ ಹಾಳೆ ಒಂದು ಕಡೆಗಷ್ಟೇ ಸಾಕಾಯಿತು. ಅಂದು ಭಾನುವಾರ, ಅಂಗಡಿ ಮುಚ್ಚಿತ್ತು, ಆಕಾಶ ಕಪ್ಪಗಿತ್ತು. ಬೇಸಿಗೆಯಲ್ಲಿ ಬಿಚ್ಚಿ ಸರಿಮಾಡಿದರಾಯಿತು ಎಂದುಕೊಂಡು ಲೆನ್ ಹೆಂಚು ಮುಚ್ಚಿಬಿಟ್ಟ. ಬೇಸಿಗೆ ಬಂತು. ಊರವರ ಮಾಡುಗಳಿಗೆಲ್ಲ ಬಿಡುವಿತ್ತು, ತನ್ನದಕ್ಕಿರಲಿಲ್ಲ. ತಾನಿದ್ದಷ್ಟು ವರ್ಷ ಪ್ರತಿ ಸಲ ಹಿಮ ಬಿದ್ದೊಡನೆ ಎಳೆದು ಹಾಕುತ್ತಿದ್ದ, ಸೋರಲಿಲ್ಲ. ಹೆಂಚಿನಡಿ ಏನಿದೆಯೆಂದು ಯಾರು ನೋಡುತ್ತಾರೆ?

ಮಧ್ಯಾಹ್ನ ಮಾರ್ಲೀನ್ ಎಲ್ಲರನ್ನೂ ಊಟಕ್ಕೆ ಕರೆದಳು. ಉಳಿದವರು ಬೂಟು ಕಳಚಿ ಒಳಗೆ ಹೋದರು. ಲೆನ್ ಅಳತೆಯ ನೆವ ಹೇಳಿ ತನ್ನ ಟ್ರಕ್ಕಿನಲ್ಲೇ ಕೂತ. ಸ್ವಲ್ಪ ಹೊತ್ತಿಗೆ ನಾರ್ಬರ್ಟ್ ಬಂದ. ವಾಕರಿನ ಪುಟ್ಟ ಆಸನದ ಮೇಲೆ ಒಂದು ತಟ್ಟೆ. ಅದರಲ್ಲಿ ಟೊಮೇಟೊ ರಸದಲ್ಲಿ ಬೆಂದ ಎಲೆಕೋಸಿನ ಸುರುಳಿಗಳು.

"ತಗೋ ಮಾರಾಯ. ಆರಿಹೋಗುತ್ತೆ. ನಾನೇನು ಕಚ್ಚಲ್ಲ."

ಲೆನ್ ತಟ್ಟೆ ಇಸಿದುಕೊಂಡ. ನಾರ್ಬರ್ಟ್ ಟ್ರಕ್ಕಿಗೆ ಒರಗಿ ಮಾಡಿನತ್ತ ನೋಡಿದ.

"ಈ ಮೂಲೆ ನನ್ನ ಪ್ರಾಣ ತಿಂದುಬಿಡ್ತು ಕಣಯ್ಯಾ. ಬಿಸಿ ಮೇಲೆ ಹೋಗದ ಹಾಗೆ ಅಟ್ಟದ ತುಂಬ ಹತ್ತಿಯಂಥದ್ದು ತುಂಬಿಸ್ದೆ. ಸೂರಿಗೆ ಕರೆಂಟಿನ ತಂತಿ ಎಳೆದು ಬಿಸಿ ಕೊಟ್ಟೆ. ಮರದ ಕೊಂಬೆ ಕಡಿಸ್ದೆ. ಆದ್ರೂ ಪ್ರತಿ ಜನವರಿ ಅದೇ ಜಾಗದಲ್ಲಿ ತೊಟ್ಟು ತೊಟ್ಟು. ನೀವು ಸರಿಯಾಗಿ ಹಿಮ ಎಳೆದು ಹಾಕಲ್ಲ ಅಂತ ಅವಳ ಬೈಗುಳ. ನಂಗೂ ಹಾಗೇ ಅನ್ನಿಸಿತ್ತು. ನನ್ನ ಕೈಗುಣಾನೇ ಸರಿಯಿಲ್ಲ ಅಂತ."

ಹದಿಮೂರು ಚಳಿಗಾಲ. ಈ ಮನುಷ್ಯ ಹದಿಮೂರು ಚಳಿಗಾಲ ಏಣಿ ಹತ್ತಿದ್ದ. ಲೆನ್ ತಟ್ಟೆಯನ್ನು ಪಕ್ಕಕ್ಕಿಟ್ಟ.

"ನಿನ್ನ ಕೈಯದೇನೂ ತಪ್ಪಿಲ್ಲ," ಎಂದ. ಹಾಳೆ ಸಾಲದೆ ಹೋದದ್ದು, ಕರಿ ಕಾಗದ ಹಾಸಿ ಮುಚ್ಚಿದ್ದು, ಎಲ್ಲವನ್ನೂ ಹೇಳಿದ. ಬಾಯಿಂದ ಹೊರಬಂದಾಗ ಅದು ಎಷ್ಟು ಚಿಕ್ಕ ವಿಷಯವಾಗಿತ್ತೆಂದರೆ ಅವನಿಗೇ ನಾಚಿಕೆಯಾಯಿತು.

ಟ್ರಕ್ಕಿಗೆ ಒರಗಿದ್ದ ನಾರ್ಬರ್ಟ್ ವಾಕರ್ ಹಿಡಿದು ನೆಟ್ಟಗೆ ನಿಂತ.

"ಮಾರ್ಲೀನ್‌ಗೆ ಗೊತ್ತಾ?"

"ಇಲ್ಲ. ಈಗ್ಲೇ ಒಳಗೆ ಬಂದು ಹೇಳ್ತೀನಿ. ಬೈಲಿ, ಹೊಡೀಲಿ. ನಂಗೆ ಬರಬೇಕಾದ್ದೇ ಅದು."

"ಹೇಳ್ಬೇಡಿ."

ಲೆನ್ ತಲೆಯೆತ್ತಿದ.

"ನೀವು ಹೇಳಿ ಹಗುರಾಗಿ ಹೋಗ್ತೀರಿ," ಎಂದ ನಾರ್ಬರ್ಟ್. ದನಿ ಏರಿರಲಿಲ್ಲ. "ಆಮೇಲೆ ನಾನು ಕುಂಟಿದಾಗೆಲ್ಲ ಅವಳಿಗೆ ನಿಮ್ಮ ನೆನಪಾಗುತ್ತೆ. ಇಷ್ಟು ವರ್ಷ ಈ ಮನೇಲಿ ನಿಮ್ಮ ಹೆಸರು ಬಂದಿಲ್ಲ ಸಾರ್. ಒಳ್ಳೇದಕ್ಕೂ ಇಲ್ಲ, ಕೆಟ್ಟದ್ದಕ್ಕೂ ಇಲ್ಲ. ಇನ್ನು ಮೇಲೂ ಬರೋದು ಬೇಡ. ಮಾಡು ಸರಿಮಾಡಿ, ಅಷ್ಟು ಸಾಕು."

ಅವನು ವಾಕರ್ ತಿರುಗಿಸಿಕೊಂಡು ನಿಧಾನವಾಗಿ ಒಳಗೆ ಹೋದ.

ಹೆಸರೇ ಬಂದಿಲ್ಲವಂತೆ. ಒಳ್ಳೆಯದಕ್ಕೂ ಇಲ್ಲವಂತೆ. ತನ್ನನ್ನು ಅವಳು ಆಗಾಗ ಬೈದುಕೊಳ್ಳುತ್ತಿರಬಹುದು, ಎಂದಾದರೂ ನೆನೆದು ನಗುತ್ತಿರಬಹುದು ಎಂದು ಲೆನ್ ಹದಿನಾಲ್ಕು ವರ್ಷ ನಂಬಿಕೊಂಡಿದ್ದ. ಹಾಗೆ ನಂಬಿದ್ದೆನೆಂಬುದು ಅವನಿಗೆ ತಿಳಿದದ್ದೇ ಈಗ.

ಆ ಸಂಜೆ ಮತ್ತು ಮರುದಿನ ಪೂರ್ತಿ ಉತ್ತರದ ಸೂರನ್ನು ಅವನೊಬ್ಬನೇ ಮಾಡಿದ. ಹೊಸ ಹಲಗೆ ಬಡಿದ. ರಬ್ಬರ್ ಹಾಳೆಯನ್ನು ಒಂದರ ಮೇಲೊಂದು ಎರಡು ಪಟ್ಟಿ ಹಾಸಿ, ಮೊಣಕಾಲಲ್ಲಿ ಕೂತು ಅಂಗೈಯಿಂದ ಉಜ್ಜಿ ಉಜ್ಜಿ ಕೂರಿಸಿದ. ಕೆಳಗಿನ ಅಡುಗೆಮನೆಯಿಂದ ಪಾತ್ರೆಯ ಸದ್ದು, ಮಾರ್ಲೀನಳ ಗೊಣಗಾಟ, ನಾರ್ಬರ್ಟನ ನಗು ಕೇಳುತ್ತಿತ್ತು. ಮಾತುಗಳು ಮಾತ್ರ ತಿಳಿಯುತ್ತಿರಲಿಲ್ಲ. ಕರ್ಟಿಸ್ ಎರಡು ಸಲ ಸಹಾಯಕ್ಕೆ ಬಂದು, ಎರಡು ಸಲವೂ ಹಿಂದಿರುಗಿದ.

ಕೊನೆಯ ಮೊಳೆ ಹೊಡೆಯುವಾಗ ಸಣ್ಣಗೆ ಹಿಮ ಉದುರತೊಡಗಿತ್ತು. ಅವನು ಕೆಳಗಿಳಿಯುತ್ತಲೇ ಮಾರ್ಲೀನ್ ಕೋಟು ಹೊದ್ದು ಅಂಗಳಕ್ಕೆ ಬಂದಳು.

"ಚೆನ್ನಾಗಾಯ್ತು ಲೆನ್. ಥ್ಯಾಂಕ್ಸ್. ಮೊದಲಿನ ಮಾಡೂ ಏನು ಕೆಟ್ಟದಾಗಿರಲಿಲ್ಲ ಬಿಡು, ಇಷ್ಟು ವರ್ಷ ಬಾಳಿಕೆ ಬಂತಲ್ಲ."

ಅವನು ಬಾಯಿ ತೆರೆದ. ಅಡುಗೆಮನೆಯ ಕಿಟಕಿಯಲ್ಲಿ ನಾರ್ಬರ್ಟ್ ನಿಂತಿದ್ದ.

"ಒಳಗೆ ಹೋಗು, ಚಳಿ," ಎಂದು ಹೇಳಿ ಏಣಿ ಮಡಚಿದ.

ಆ ಚಳಿಗಾಲ ಜೋರಾಗಿತ್ತು. ನಾರ್ಬರ್ಟ್ ವಾಕರ್ ಬಿಟ್ಟು ಕೋಲು ಹಿಡಿದು ಚರ್ಚಿಗೆ ಬರುತ್ತಾನೆಂದು ಕರ್ಟಿಸ್ ಹೇಳಿದ. ಲೆನ್ "ಹೌದಾ" ಎಂದಷ್ಟೇ ಅಂದ. ಜನವರಿಯ ಒಂದು ಬೆಳಿಗ್ಗೆ, ಮೂರು ದಿನ ಎಡೆಬಿಡದೆ ಹಿಮ ಬಿದ್ದು ನಿಂತ ಮೇಲೆ, ಅವನು ಕೆಲಸವಿಲ್ಲದಿದ್ದರೂ ಆ ಬೀದಿಗೆ ಟ್ರಕ್ ತಿರುಗಿಸಿದ. ಉತ್ತರದ ಇಳಿಜಾರಿನ ಮೇಲೆ ಹಿಮ ಹಾಸಿಗೆಯಂತೆ ಸಮನಾಗಿ ಮಲಗಿತ್ತು. ಏಣಿ ಎಲ್ಲೂ ಕಾಣಲಿಲ್ಲ. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಯಾರೋ ಕಾಫಿ ಬಗ್ಗಿಸುತ್ತಿದ್ದಂತೆ ನೆರಳು ಬಾಗಿತು, ಇನ್ನೊಂದು ನೆರಳು ಕೈ ಚಾಚಿತು.

ಎಷ್ಟು ಹೊತ್ತು ನಿಂತಿದ್ದನೋ, ಹಿಂದಿನಿಂದ ಹಿಮ ಗೋರುವ ಗಾಡಿ ಬಂದು ಹಾರ್ನ್ ಹೊಡೆಯಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಏನು ಯಜಮಾನ್ರೇ, ಇದೇ ಮನೆಯವರಾ? ಹಾಗಿದ್ರೆ ಗಾಡಿ ಒಳಗೆ ಹಾಕ್ಕೊಳ್ಳಿ!" ಎಂದು ಕೂಗಿದ.

"ಅಲ್ಲಪ್ಪಾ," ಎಂದು ಲೆನ್ ಟ್ರಕ್ಕನ್ನು ಮುಂದಕ್ಕೆ ಬಿಟ್ಟ.