ಮಗ್ಗ ಸುಮ್ಮನಿದ್ದ ದಿನ

ಸವಿತಾ ಆರನೆಯ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರುತ್ತಿದ್ದಳು. ಒಳಗಿನಿಂದ ಮಗಳ ಕೂಗು ಬಂತು.

"ತಡೀರಿ. ಈ ಮಾತಿಗೆ ನನ್ನ ತಕರಾರೈತಿ."

ನೀರಿನ ಬಟ್ಟೆ ಕೈಯಲ್ಲೇ ನಿಂತಿತು. ರೊಟ್ಟಿ ಒಂದು ಮಗ್ಗುಲು ಸೀದಿತು.

ಹತ್ತು ವರ್ಷದ ಶಿವಗಂಗಾ ಆಟದ ಪುಟ್ಟ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಳು. ಬಾಗಲಕೋಟೆಯ ಮಾವನ ಮಗ ಆಡಿ ಬೇಸತ್ತು ಕೊಟ್ಟದ್ದು ಅದು. ಆಟದೊಳಗೆ ಒಂದು ಕೋರ್ಟು, ಒಬ್ಬ ಜಡ್ಜು, ಸುಳ್ಳು ಹೇಳುವ ಸಾಕ್ಷಿಗಳು. ಆಡುವವರೇ ವಕೀಲರು. ಸಾಕ್ಷಿಯ ಮಾತಿನಲ್ಲಿ ಹೊಂದದ ಸಾಲು ಹುಡುಕಿ, ಅದಕ್ಕೆ ತಕ್ಕ ಪುರಾವೆ ತೆಗೆದು ತೋರಿಸಬೇಕು. ತಪ್ಪಿದರೆ ಜಡ್ಜರ ಮೇಜಿನ ಐದು ದೀಪಗಳಲ್ಲಿ ಒಂದು ಆರುತ್ತದೆ.

"ಸುಳ್ಳ ಹೇಳಾವ್ರ ಹಣಿ ಮ್ಯಾಲೆ ಬೆವರ ಬರ್ತೈತವ್ವಾ."

"ಒಲಿ ಮುಂದ ಕುಂತ್ರ ಎಲ್ಲಾರಿಗೂ ಬರ್ತೈತಿ," ಎಂದು ಸವಿತಾ ಹಣೆ ಒರೆಸಿಕೊಂಡಳು.

ಅಂದು ಹನ್ನೊಂದಕ್ಕೆ ಅವಳು ಹುನಗುಂದದ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಹೋದ ವರ್ಷ ಇಳಕಲ್ಲಿನಲ್ಲಿ ಒಂದು ಬೈಕು ಮೊಸರು ಮಾರುವ ಬಾಳಮ್ಮನನ್ನು ಕೆಡವಿ ನಿಲ್ಲದೆ ಹೋಗಿತ್ತು. ಬಾಳಮ್ಮನ ಕಾಲು ಇನ್ನೂ ನೆಟ್ಟಗಾಗಿಲ್ಲ. ಗಾಡಿ ಓಡಿಸಿದವನು ಸವಿತಾಳ ಮೈದುನ ಚೇತನಕುಮಾರ ಎಂಬುದು ಆರೋಪ. ಅವನು ಆಗ ಮನೆಯಲ್ಲಿದ್ದ ಎಂದು ಇವಳು ಹೇಳಿದರೆ ಅವನು ಉಳಿಯುತ್ತಾನೆ. ವಕೀಲರು ನಾಲ್ಕು ಸಾಲು ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಮೂರು ದಿನದಿಂದ ಅವಳು ರೊಟ್ಟಿ ಬಡಿಯುತ್ತಲೇ ಬಾಯಿಪಾಠ ಮಾಡುತ್ತಿದ್ದಳು.

"ಪಾಠ ಆತೇನ?" ಅತ್ತೆ ಗುರುಲಿಂಗವ್ವ ಪಡಸಾಲೆಯಿಂದಲೇ ಕೇಳಿದಳು.

"ಆತ್ರಿ ಅತ್ತಿ."

"ಕೋರ್ಟಿನ್ಯಾಗ ಹಿಂಗ ಗೊಣಗಬ್ಯಾಡ. ನಿನ್ನ ಧ್ವನಿಕಿಂತ ರೊಟ್ಟಿ ಸಪ್ಪಳನ ಜೋರ ಐತಿ."

"ನಾ ವಕೀಲ ಆಗ್ತೇನಿ. ನೀ ನನಗ ಹೇಳವ್ವಾ, ಪಾಠ ಗಟ್ಟಿ ಆಗ್ತೈತಿ," ಎಂದಳು ಶಿವಗಂಗಾ.

ಸವಿತಾ ಹಿಟ್ಟು ನಾದುತ್ತ ಒಪ್ಪಿಸಿದಳು. "ಅಂದು ಬೆಳಿಗ್ಗೆ ಹತ್ತು ಗಂಟೆ. ನಾನು ಮಗ್ಗದಲ್ಲಿ ಕುಳಿತು ಸೀರೆ ನೇಯುತ್ತಿದ್ದೆ. ನನ್ನ ಮೈದುನ ಪಕ್ಕದಲ್ಲೇ ಕುಳಿತು ನೂಲು ಸುತ್ತುತ್ತಿದ್ದ. ಮಧ್ಯಾಹ್ನದವರೆಗೆ ಅವನು ಹೊರಗೆ ಹೋಗಲಿಲ್ಲ."

"ನೀ ಹಿಂಗ ಮಾತಾಡಂಗಿಲ್ಲಲ್ಲ. ಯಾರ ಭಾಷಾ ಇದು?"

"ವಕೀಲರದು."

"ತಾರೀಖ ಯಾವುದು?"

ಸವಿತಾ ಚೀಟಿ ನೋಡಿ ತಾರೀಖು ಓದಿದಳು. ಮಗಳು ಎದ್ದು ಹೋದಳು. ಒಂದೇ ಮೊಳೆಗೆ ಒಂದರ ಮೇಲೊಂದು ತೂಗಿದ್ದ ಕ್ಯಾಲೆಂಡರುಗಳಲ್ಲಿ ಹೋದ ವರ್ಷದ್ದನ್ನು ಕಿತ್ತು ತಂದು ಹಾಳೆ ತಿರುವಿದಳು. ಬೆರಳು ನಿಂತಲ್ಲಿ ಕಪ್ಪು ದುಂಡು ಚುಕ್ಕೆ ಇತ್ತು.

"ಅಮಾಸಿ," ಎಂದಳು.

ಅಮಾವಾಸ್ಯೆಯ ದಿನ ನೇಕಾರರ ಆ ಓಣಿಯಲ್ಲಿ ಯಾರೂ ನೇಯುವುದಿಲ್ಲ. ಅಂದು ಮಗ್ಗಕ್ಕೆ ಪೂಜೆ, ಕೈಗೆ ಬಿಡುವು. ವಕೀಲರಿಗೆ ಅದು ಗೊತ್ತಿರಲಿಲ್ಲ. ಸವಿತಾಳಿಗೆ ಗೊತ್ತಿತ್ತು. ಆದರೆ ಅವಳು ಸಾಲುಗಳನ್ನು ಪಾಠ ಮಾಡಿದ್ದಳೇ ಹೊರತು ಆ ದಿನವನ್ನು ನೆನೆದಿರಲಿಲ್ಲ. ನೆನೆಯಲು ಮನಸ್ಸಿರಲಿಲ್ಲ ಎಂದರೂ ಸರಿಯೇ.

ಈಗ ನೆನಪು ತಾನಾಗಿ ಬಂತು. ಮಗ್ಗದ ಮೇಲೆ ವಿಭೂತಿ, ಎರಡು ಸೇವಂತಿಗೆ ಹೂ. ಇವಳು ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಚೇತನ ಬೈಕು ತಂದು ಅಂಗಳದಲ್ಲಿ ನಿಲ್ಲಿಸಿ ಮುಂದಿನ ಚಕ್ರವನ್ನು ತೊಳೆದ, ಮತ್ತೆ ತೊಳೆದ. ಚರಂಡಿಗೆ ಹರಿದ ನೀರು ಬೆಳ್ಳಗಿತ್ತು.

ಪಡಸಾಲೆಯಿಂದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅದರಾಗೇನೈತಿ? ನೇಯಾಕತ್ತಿದ್ದೆ ಅನ್ನೋದರ ಬದಲಿ ಮಗ್ಗದ ಪೂಜಾ ಮಾಡಾಕತ್ತಿದ್ದೆ ಅನ್ನು. ಮುಗೀತು."

ಸವಿತಾ ಪಕ್ಕಕ್ಕಿಟ್ಟಿದ್ದ ಸೀದ ರೊಟ್ಟಿಯನ್ನು ತೆಗೆದು ತನ್ನ ತಾಟಿಗೆ ಹಾಕಿಕೊಂಡು ಮಗಳ ಕಡೆ ನೋಡಿದಳು.

ಶಿವಗಂಗಾ ಆಟದ ಯಂತ್ರವನ್ನು ಬಂದ್ ಮಾಡಿ ಹೊಸ್ತಿಲ ಮೇಲೆ ಬೋರಲಾಗಿ ಇಟ್ಟಿದ್ದಳು. ಮೂರು ದಿನದಿಂದ ಅವಳು ಚೀಟಿಯ ಸುತ್ತಲೇ ಸುಳಿದಾಡಿದ್ದು ಏಕೆಂದು ತಾಯಿಗೆ ಈಗ ತಿಳಿಯಿತು.

"ಅವ್ವಾ," ಎಂದಳು ಶಿವಗಂಗಾ, "ಅವತ್ತ ಗಾಡಿ ತೊಳಿಯಾಕ ಕಾಕಾಗ ನೀರ ತಂದ ಕೊಟ್ಟಾಕಿ ನಾನ. ಗಾಲಿಗೆ ಹತ್ತಿದ್ದ ಮೊಸರ ಬಾಳಮ್ಮಂದೇನ?"