ಕಲ್ಲಿನ ನಾರು

ವಿಜಾಪುರದ ಕಡೆಯಿಂದ ಬಂದ ದಾನಪ್ಪ ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಛಾವಣಿಯ ಸಿಮೆಂಟ್ ಪತ್ರಾಗಳನ್ನು ಗರಗಸದಿಂದ ಕೊಯ್ಯುತ್ತಿದ್ದ. ಸಿಮೆಂಟಿಗೆ ಆಸ್ಬೆಸ್ಟಾಸ್ ಎಂಬ ಕಲ್ಲಿನ ನಾರು ಬೆರೆಸಿ ಮಾಡಿದ ಪತ್ರಾ ಅವು. ಸಂಜೆ ಸಾಲುಮನೆಗಳ ಚಾಳಿನ ಮೆಟ್ಟಿಲು ಹತ್ತಿ ಬರುವಾಗ ಅವನ ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಹಿಟ್ಟಿನ ಗಿರಣಿಯಿಂದ ಬಂದವನಂತೆ.

ಅವನ ಅಂಗಿಯನ್ನು ಗ್ಯಾಲರಿಯಲ್ಲಿ ಕೊಡವುವುದು ಹೆಂಡತಿ ಚಂದ್ರವ್ವನಿಗೆ ಬಲು ಇಷ್ಟದ ಕೆಲಸ. ಇಳಿಬಿಸಿಲಿನ ಕೋಲಿನಲ್ಲಿ ಧೂಳು ಕೆಳಗಿಳಿಯದೆ ತೇಲುತ್ತಿತ್ತು; ಎಳೆಎಳೆಯಾಗಿ ಮಿನುಗುತ್ತ ಎತ್ತಲೋ ಹೊರಟಂತೆ ಕಾಣುತ್ತಿತ್ತು. ಅವಳು ಅಂಗಿ ಹಿಡಿದೇ ನಿಂತುಬಿಡುತ್ತಿದ್ದಳು. ರೈಲಿನ ಸದ್ದು, ನಲ್ಲಿಯ ಜಗಳ, ಒಲೆಯ ಮೇಲಿನ ಬೇಳೆ ಎಲ್ಲ ದೂರವಾಗುತ್ತಿದ್ದವು. ಊರಲ್ಲಿ ಹತ್ತಿ ಬಿಡಿಸುವಾಗ ಗಾಳಿಗೆದ್ದ ಅರಳೆಯ ನಡುವೆ ತಾನು ಓಡುತ್ತಿದ್ದೇನೆ ಅನಿಸುತ್ತಿತ್ತು.

ವರ್ಷಗಳು ಹಾಗೆಯೇ ಹೋದವು. ಆಮೇಲೆ ಒಣಕೆಮ್ಮು ಹತ್ತಿತು, ಅವನಿಗಲ್ಲ, ಅವಳಿಗೆ. ಕೊಡ ಹೊತ್ತು ಮೆಟ್ಟಿಲೇರಿದರೆ ಉಸಿರು ಸಾಲದು. ಕ್ಷಯವೆಂದು ನೆರೆಯವರು ಮಕ್ಕಳನ್ನು ದೂರವಿಟ್ಟರು. ಬೈಕುಲ್ಲಾದ ಡಾಕ್ಟರು ಎದೆಯ ಫೋಟೊ ತೆಗೆಸಿ, ಕ್ಷಯವಲ್ಲ ಅಂದರು. ಗಂಡನ ಕೆಲಸ ಯಾವುದೆಂದು ಕೇಳಿದರು. ಅಂಗಿ ಒಗೆಯುವವರು ಯಾರೆಂದೂ ಕೇಳಿದರು. ಅಂಗಿಯ ಧೂಳಿನಲ್ಲಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ನಾರು, ಒಳಹೋದದ್ದು ಹೊರಬರುವುದಿಲ್ಲ, ಔಷಧಿಯೂ ಇಲ್ಲ, ಇನ್ನಷ್ಟು ಹೋಗದಂತೆ ನೋಡಿಕೊಳ್ಳಿ ಎಂದು ಮೆಲ್ಲಗೆ ಹೇಳಿದರು.

ಲೋಕಲ್ ರೈಲಿನಲ್ಲಿ ಮರಳುವಾಗ ದಾನಪ್ಪ ತನ್ನ ಅಂಗೈಗಳನ್ನೇ ನೋಡುತ್ತ ಕುಳಿತಿದ್ದ.

"ನಾನಽ ತಂದು ಹಾಕಿದ್ನಲ್ಲ ನಿನ್ನ ಎದ್ಯಾಗ."

"ನೀವು ದುಡಿಯಾಕ ಹೋಗಿದ್ರಿ. ಚಂದ ಕಾಣ್ತದಂತ ಕೊಡವಿದಾಕಿ ನಾನು," ಅಂದಳು ಚಂದ್ರವ್ವ. "ಅದಿರ್ಲಿ, ನಿಮ್ಮ ಎದ್ಯಾಗ ಎಷ್ಟ ಐತೋ?"

ಅವನು ಇಂದು ನಾಳೆ ಎಂದು ತಳ್ಳಿದ. ಅವಳು ಊಟ ಬಿಟ್ಟು ಕುಳಿತ ಮೇಲೆ ಹೋಗಿ ಫೋಟೊ ತೆಗೆಸಿದ. ಅದರಲ್ಲೂ ಅವಳ ಫೋಟೊದಲ್ಲಿದ್ದಂಥದೇ ಬಿಳಿ ಮಸುಕು. ಕೆಲಸ ಬಿಡುವ ದಿನ ಜೊತೆಯವರಿಗೆಲ್ಲ ಹೇಳಿದ: ಪತ್ರಾಕ್ಕೆ ನೀರು ಚಿಮುಕಿಸಿ ಕೊಯ್ಯಿರಿ, ಆ ಅಂಗಿ ಮನೆಗೆ ಒಯ್ಯಬೇಡಿ. ಕೆಲವರು ನಕ್ಕರು. ಗರಗಸದ ಇನ್ನೊಂದು ತುದಿ ಹಿಡಿಯುತ್ತಿದ್ದ ನೀಲಕಂಠಪ್ಪ ಮಾತ್ರ ಅಂದೇ ಕಾರ್ಖಾನೆಯ ನಲ್ಲಿಯಲ್ಲಿ ಮೈ, ಅಂಗಿ ಎರಡನ್ನೂ ತೊಳೆದು ಮನೆಗೆ ಹೊರಟ.

ದಾನಪ್ಪ ಬೈಕುಲ್ಲಾದ ಹಣ್ಣಿನ ಮಳಿಗೆ ಸೇರಿದ. ಭಾನುವಾರ ಗಂಡಹೆಂಡಿರು ಬಾಂದ್ರಾದ ಕಡಲ ಬದಿಗೆ ಹೋಗಿ ಕೂರುತ್ತಿದ್ದರು. ನೀರ ಮೇಲಿನ ಗಾಳಿ ಸೆರಗು ತುಂಬುತ್ತಿತ್ತು. ಚಂದ್ರವ್ವ ಕಣ್ಣುಮುಚ್ಚಿ, ಬಿಸಿ ಹಾಲು ಕುಡಿಯುವವಳಂತೆ ತುಸುತುಸುವೇ ಅದನ್ನು ಒಳಗೆಳೆದುಕೊಳ್ಳುತ್ತಿದ್ದಳು. ದಾನಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟು ಆ ಏರಿಳಿತವನ್ನು ಕಾಯುತ್ತಿದ್ದ.