ಗೀಟುಮನೆಯ ಮೂಲೆಗಂಬ

ಬೀದಿಯ ತಿರುವಿನಲ್ಲಿ ನಿಂತ ಆ ಮೂರಂತಸ್ತಿನ ಮರದ ಮನೆಗೆ ಊರಿನವರು ಇಟ್ಟ ಹೆಸರು ಗೀಟುಮನೆ. ಕಪ್ಪು ಕಂಬ, ಕಪ್ಪು ತೊಲೆ, ನಡುವೆ ಚೌಕ ಚೌಕವಾಗಿ ಬಿಳಿ ಗೋಡೆ. ದೂರದಿಂದ ನೋಡಿದರೆ ಯಾರೋ ಹಾಳೆಯ ತುಂಬ ಗೀಟು ಎಳೆದು, ಬರೆಯುವುದನ್ನು ಮರೆತು ಎದ್ದು ಹೋದಂತೆ ಕಾಣುತ್ತಿತ್ತು. ಒಂದೊಂದು ಅಂತಸ್ತೂ ಕೆಳಗಿನದಕ್ಕಿಂತ ಒಂದು ಮೊಳ ಬೀದಿಯ ಮೇಲೆ ಚಾಚಿಕೊಂಡಿತ್ತು. ಹಾಗಾಗಿ ಮೇಲಿನ ಕಿಟಕಿಯಿಂದ ಎದುರುಮನೆಯವರಿಗೆ ಬೆಂಕಿಪೊಟ್ಟಣವನ್ನು ಕೈಗೇ ಕೊಡಬಹುದಿತ್ತು. ಇಷ್ಟು ದೊಡ್ಡ ಮನೆಗೆ ಹುಡುಕಿದರೂ ಒಂದು ಕಬ್ಬಿಣದ ಮೊಳೆ ಸಿಗದು. ತೊಲೆಗೆ ಕಂಬ ಕೊರೆದು ಕೂಡಿಸಿ, ಕೂಡಿದಲ್ಲಿ ಮರದ ಬೆಣೆ ಹೊಡೆದು ನಿಲ್ಲಿಸಿದ್ದು. ಯಾವುದು ಯಾವುದರ ಪಕ್ಕ ಬರಬೇಕೆಂದು ಹಳೆಯ ಬಡಗಿಗಳು ಉಳಿಯಿಂದ ಗೀಚಿಟ್ಟ ಗುರುತುಗಳು ಇನ್ನೂ ಇದ್ದವು. ಎರಡು ಬೀದಿಗಳ ಕಡೆಗೆ ಚಾಚಿದ ಆ ಭಾರವನ್ನೆಲ್ಲ ಹೊತ್ತದ್ದು ತಿರುವಿನಲ್ಲಿದ್ದ ಒಂದೇ ಒಂದು ಮೂಲೆಗಂಬ.

ಆ ಕಂಬದ ಮುಂದೆ ಬೆಣೆ ಮೇಸ್ತ್ರಿ ಮರ ಕೊರೆಯುವ ಬೈರಿಗೆ ಹಿಡಿದು ನಿಂತಿದ್ದ. ವಯಸ್ಸು ಅರವತ್ತರ ಹತ್ತಿರ. ಮೊಳೆ ಕಂಡರೆ ಮೂಗು ಮುರಿಯುವವನಾದ್ದರಿಂದ ಆ ಅಡ್ಡಹೆಸರು. ಮನೆ ಅವನ ಅಕ್ಕನದು. ಕೆಳಗೆ ಅವಳ ಹೊಲಿಗೆ ಅಂಗಡಿ, ಮೇಲೆ ಅವಳ ವಾಸ. ಗಂಡ ತೀರಿಕೊಂಡು ಮೂವತ್ತು ವರ್ಷವಾಗಿತ್ತು, ಮಕ್ಕಳಿಲ್ಲ. ಮೇಸ್ತ್ರಿಯೂ ಮದುವೆಯ ಗೋಜಿಗೆ ಹೋದವನಲ್ಲ. ಮಧ್ಯಾಹ್ನದ ಊಟ ದಿನವೂ ಅಕ್ಕನ ಮನೆಯಲ್ಲೇ. ಊಟಕ್ಕಿಂತ ಅವಳ ಬೈಗುಳವೇ ಹೆಚ್ಚು ರುಚಿ ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ.

ಹೋದ ತಿಂಗಳು ಮೇಲಂತಸ್ತಿನ ಗೋಡೆಯಿಂದ ಅಂಗೈಯಗಲದ ಚಕ್ಕೆಯೊಂದು ಬೀದಿಗೆ ಬಿತ್ತು. ಯಾರ ತಲೆಯ ಮೇಲೂ ಬೀಳಲಿಲ್ಲ, ಪುಣ್ಯ. ಪುರಸಭೆಯಿಂದ ಕಾಗದ ಬಂತು: ಮನೆ ಗಟ್ಟಿ ಇದೆಯೆಂದು ತೋರಿಸಿ, ಇಲ್ಲವೇ ಖಾಲಿ ಮಾಡಿ. ಅಕ್ಕ ಕಾಗದವನ್ನು ತಮ್ಮನ ಕೈಗೆ ಕೊಟ್ಟು ನಕ್ಕಿದ್ದಳು. "ಗಟ್ಟಿ ಇದೆಯಾ ಅಂತ ನಿನ್ನನ್ನ ಕೇಳ್ತಿದಾರಲ್ಲೋ! ತೋರಿಸಿ ಕಳಿಸು ಅವರಿಗೆ."

ಅದನ್ನು ತೋರಿಸಲೆಂದೇ ಆ ಬೆಳಿಗ್ಗೆ ಎಲ್ಲರೂ ಸೇರಿದ್ದು. ಎಲ್ಲರೂ ಎಂದರೆ ಮೂವರೇ: ಮೇಸ್ತ್ರಿ, ಅಕ್ಕ, ಪುರಸಭೆಯ ಇಂಜಿನಿಯರಮ್ಮ. ಇಂಜಿನಿಯರಮ್ಮನಿಗೆ ಇನ್ನೂ ಚಿಕ್ಕ ವಯಸ್ಸು, ಮಾತು ನೇರ. ಅಂಥ ಮನೆಗಳೆಂದರೆ ಅವಳಿಗೆ ಪ್ರಾಣ. ಬಂದವಳೇ ತಲೆ ಎತ್ತಿ ನೋಡುತ್ತ, "ಇದು ಬಿದ್ರೆ ಈ ಬೀದಿಗೆ ಮುಖಾನೇ ಇರಲ್ಲ" ಅಂದಳು. ಅವಳಿಗೂ ಮನೆ ಉಳಿಯುವುದೇ ಬೇಕಾಗಿತ್ತು. ಕೆಟ್ಟವರು ಯಾರೂ ಇಲ್ಲದ ಕಡೆಯೇ ಕೆಲವು ಸಲ ಎಲ್ಲ ಕೆಡುತ್ತದೆ, ಏನು ಮಾಡುವುದು.

ಮೇಸ್ತ್ರಿ ಮೊದಲು ಕೊಡತಿಯಿಂದ ಕಂಬವನ್ನು ತಟ್ಟಿದ. ಸದ್ದು ಅವನಿಗೆ ಹಿಡಿಸಲಿಲ್ಲ. ಬೈರಿಗೆಯ ಮೊನೆ ಊರಿ ತಿರುಗಿಸಿದ. ಗಟ್ಟಿ ಮರವಾದರೆ ಸುರುಳಿ ಸುರುಳಿಯಾಗಿ ಹೆರೆ ಬರಬೇಕು. ಒಂದು ಬೆರಳಿನಷ್ಟು ಬಂತು. ಆಮೇಲೆ ಹೆರೆ ನಿಂತು, ಒದ್ದೆಯಾದ ಕಂದು ಹಿಟ್ಟು ಉದುರತೊಡಗಿತು. ಆಮೇಲೆ ಕೈಗೆ ಯಾವ ತಡೆಯೂ ಸಿಗದೆ ಬೈರಿಗೆ ಹಿಡಿಯವರೆಗೂ ಒಳಗೆ ಹೋಯಿತು. ಒಂದು ಮೊಳ ಮೇಲೆ ಕೊರೆದ, ಅದೇ ಹಿಟ್ಟು. ಏಣಿ ಹತ್ತಿ ಮೊದಲ ಅಂತಸ್ತಿನ ತೊಲೆ ಕಂಬದ ಮೇಲೆ ಕೂತಿದ್ದಲ್ಲಿ ಕೊರೆದ. ಅಲ್ಲಿ ಹಿಟ್ಟೂ ಇರಲಿಲ್ಲ, ಟೊಳ್ಳು.

ಹೊರಗೆ ತಳುಕು, ಒಳಗೆ ಹುಳುಕು ಎಂದು ಊರವರ ಕೆಲಸವನ್ನೆಲ್ಲ ಹೀಯಾಳಿಸುತ್ತಿದ್ದವನು ಮೇಸ್ತ್ರಿ. ಈಗ ಏಣಿಯ ಮೇಲೆ ನಿಂತು, ಇಳಿಯುವುದು ಹೇಗೆಂದು ತಿಳಿಯದೆ ಕಂಬವನ್ನೇ ಅಪ್ಪಿಕೊಂಡಿದ್ದ.

ಏಕೆಂದರೆ ಇದನ್ನು ಮಾಡಿದವನು ಅವನೇ. ಆ ಬಿಳಿ ಚೌಕಗಳು ಮೊದಲು ಮಣ್ಣಿನವು. ಒಳಗೆ ಕಡ್ಡಿಯ ಹೆಣಿಗೆ, ಅದರ ಮೇಲೆ ಹುಲ್ಲು ಕಲಸಿದ ಮಣ್ಣು, ಮೇಲೆ ಸುಣ್ಣ. ವರ್ಷಕ್ಕೊಮ್ಮೆ ಬಿರುಕು ಬಿಟ್ಟ ಕಡೆ ಮತ್ತೆ ಮಣ್ಣು ಮೆತ್ತಬೇಕು. ಅದು ಆ ಬೀದಿಯ ಮನೆಗಳಿಗೆಲ್ಲ ಇದ್ದ ಪದ್ಧತಿ. ಬಡಗಿಯಾಗಿದ್ದ ಅಪ್ಪ ಹೇಳುತ್ತಿದ್ದ: "ಮರ ನೆನೆಯೋದಕ್ಕೆ ಹೆದರಬೇಡ. ಒಣಗೋದಕ್ಕೆ ದಾರಿ ಇದೆಯಾ ನೋಡು, ಅಷ್ಟೇ." ಭಾವ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ ಮಣ್ಣು ತುಳಿದು, ಹೊತ್ತು, ಏಣಿ ಹತ್ತಿ ಮೆತ್ತುವಳು. ಮೆತ್ತಿ ಮುಗಿದ ಮೇಲೆ ವಾರಗಟ್ಟಲೆ ಅವಳ ಬೆರಳುಗಳು ಬಿರಿದು, ಸೂಜಿ ಹಿಡಿಯಲಾಗದೆ ಒದ್ದಾಡುವಳು. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನನ್ನದು ಕೈಯೂ ಕೆಸರು, ಬಾಯೂ ಕೆಸರು" ಎಂದು ನಗುವಳು. ತಮ್ಮನಿಗೆ ಆ ನಗು ಸಹಿಸಲಾಗಲಿಲ್ಲ. ಇಪ್ಪತ್ತೆರಡು ವರ್ಷದ ಕೆಳಗೆ ಒಂದು ಬೇಸಿಗೆ ಪೂರ್ತಿ ಕೂತು, ಮಣ್ಣನ್ನೆಲ್ಲ ಕೆತ್ತಿ ತೆಗೆದು, ಚೌಕಗಳಿಗೆ ಸಿಮೆಂಟು ತುಂಬಿದ. ಕಂಬದ ಬುಡಕ್ಕೂ ಸುತ್ತ ಸಿಮೆಂಟಿನ ಕಟ್ಟು ಕಟ್ಟಿದ. ಮರಕ್ಕೆ ಎರಡು ಕೈ ಕಪ್ಪು ಎಣ್ಣೆ ಬಣ್ಣ ಬಳಿದ. "ಇನ್ನು ಸಾಯೋ ತನಕ ನೀನು ಮಣ್ಣು ಮುಟ್ಟೋ ಹಾಗಿಲ್ಲ" ಅಂದ. ಅಕ್ಕ ಅತ್ತಳು. ಆ ವರ್ಷ ಬೀದಿಯಲ್ಲಿ ಕಂಡಕಂಡವರಿಗೆಲ್ಲ ಗೋಡೆ ತೋರಿಸಿ, "ನನ್ನ ತಮ್ಮ" ಎಂದಳು.

ಮರ ಬಿಸಿಲಿಗೆ ಒಣಗಿ ಕುಗ್ಗುತ್ತದೆ, ಸಿಮೆಂಟು ಕುಗ್ಗುವುದಿಲ್ಲ. ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿತು. ಮಳೆನೀರು ಒಳಗೆ ಹೋಯಿತು. ಹೊರಗೆ ಬರಲು ಮಾತ್ರ ಅವನು ದಾರಿ ಬಿಟ್ಟಿರಲಿಲ್ಲ.

ಏಣಿ ಇಳಿದು ಬಂದಾಗ ಇಂಜಿನಿಯರಮ್ಮ ಆ ಹಿಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಹಿಸುಕುತ್ತಿದ್ದಳು. ಅವಳ ಮುಖ ಬಾಡಿತ್ತು.

"ಆಸರೆ ಕೊಟ್ಟು ಕಂಬ ಬದಲಾಯಿಸೋಕಾಗಲ್ವಾ ಮೇಸ್ತ್ರಿ?"

"ಆಸರೆ ಯಾವುದಕ್ಕೆ ಕೊಡ್ಲಿ? ಮೇಲಿನ ತೊಲೆ ತುದೀನೇ ಇಲ್ಲ. ಎರಡೂ ಕಡೆ ಬುಡದ ತೊಲೆ ಹಿಟ್ಟಾಗಿದೆ. ಈಗ ಈ ಮನೇನ ಹಿಡ್ಕೊಂಡಿರೋದು ಸಿಮೆಂಟು. ಒಂದು ಚೌಕ ಒಡೆದ್ರೆ ಅಷ್ಟೂ ಕೂತುಬಿಡತ್ತೆ." ಹೇಳಿ ಅವನು ಬೈರಿಗೆ ಕೆಳಗಿಟ್ಟ. ಅಕ್ಕನ ಕಡೆ ತಿರುಗಿದ. "ಅಕ್ಕಾ, ನಾನೇ ಕೊಂದೆ. ನನ್ನ ಕೈಯಾರೆ."

ಅಕ್ಕ ಅಂಗಡಿಯ ಹೊಸ್ತಿಲ ಮೇಲೆ ಕೂತಿದ್ದಳು. ಅಳೆಯುವ ಟೇಪು ಇನ್ನೂ ಕೊರಳಲ್ಲೇ ಇತ್ತು. ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಸುಮ್ನಿರು" ಅಂದಳು ಅಕ್ಕ. ಆಮೇಲೆ ತುಂಬ ಮೆಲ್ಲಗೆ, "ನಂಗೊತ್ತಿತ್ತು ಕಣೋ."

"ಏನು ಗೊತ್ತಿತ್ತು?"

"ಆರು ವರ್ಷ ಆಯ್ತು. ಈ ಮೂಲೇಲಿ ಒಳಗಿನ ಗೋಡೆ ಒದ್ದೆ ಆಗೋಕೆ ಶುರುವಾಯ್ತು. ಅಣಬೆ ವಾಸನೆ. ಆಮೇಲೆ ಹೊಲಿಗೆ ಯಂತ್ರ ಈ ಕಡೆ ವಾಲ್ತಾ ಬಂತು, ಕಾಲಿನ ಕೆಳಗೆ ರಟ್ಟು ಇಟ್ಟೆ. ವರ್ಷಕ್ಕೊಂದು ರಟ್ಟು. ನೀನು ಊಟಕ್ಕೆ ಬರೋ ಮುಂಚೆ ಈ ಗೋಡೆಗೆ ಬಟ್ಟೆ ನೇತುಹಾಕಿ ಮುಚ್ತಿದ್ದೆ."

ಆ ಮೂಲೆಯಲ್ಲಿ ಯಾವಾಗಲೂ ಉದ್ದನೆಯ ಬಟ್ಟೆ ತೂಗುತ್ತಿದ್ದದ್ದು ಮೇಸ್ತ್ರಿಗೆ ಕಂಡಿತ್ತು. ಗಿರಾಕಿಗಳು ಹೆಚ್ಚಿದ್ದಾರೆ, ಅಕ್ಕನ ಕೈ ಓಡುತ್ತಿದೆ ಎಂದು ಅವನು ಖುಷಿಪಟ್ಟಿದ್ದ.

"ಯಾಕಕ್ಕಾ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ? ನೀನು ಊಟಕ್ಕೆ ಕೂತಾಗ್ಲೆಲ್ಲ ಸುತ್ತಲ ಗೋಡೆ ನೋಡ್ತಾ, ನಾನು ಮಾಡಿದ ಕೆಲಸದಲ್ಲೆಲ್ಲ ಇದೇ ಒಳ್ಳೇದು ಅಂತಿದ್ದೆ. ಅಂಥವನ ಮುಂದೆ ನಿನ್ನ ಗೋಡೆ ಸೋರ್ತಿದೆ ಅನ್ನೋಕೆ ನಾಲಿಗೆ ಏಳ್ಲಿಲ್ಲ." ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆಗ್ಲೇ ಹೇಳಿದ್ರೆ ಉಳೀತಿತ್ತಾ?"

ಮರದ ವಿಷಯದಲ್ಲಿ ಮೇಸ್ತ್ರಿ ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ. ಈಗ ಒಂದು ಸುಳ್ಳು ಹೇಳಲು ಸಿದ್ಧನಾದ. ಇಲ್ಲ ಅಕ್ಕ, ಆಗಲೂ ಎಲ್ಲ ಮುಗಿದಿತ್ತು, ನೀನು ಹೇಳಿದ್ದರೂ ಅಷ್ಟೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಉಗುಳು ನುಂಗಿಕೊಳ್ಳಲು ಅವನಿಗೆ ಒಂದು ಗಳಿಗೆ ಹಿಡಿಯಿತು.

ಅಷ್ಟರಲ್ಲಿ ಇಂಜಿನಿಯರಮ್ಮ, ಕೈಯ ಹಿಟ್ಟನ್ನು ನೋಡುತ್ತಲೇ, ನೊಂದುಕೊಂಡು ಅಂದಳು: "ಅಯ್ಯೋ, ಆರು ವರ್ಷದ ಹಿಂದೆ ಆಗಿದ್ರೆ ಬುಡ ಒಂದೇ ಕೆಟ್ಟಿರ್ತಿತ್ತು ಅಮ್ಮ. ಸಿಮೆಂಟು ಕಿತ್ತು, ಬುಡಕ್ಕೆ ಹೊಸ ಮರ ಜೋಡಿಸಿದ್ರೆ ಸಾಕಿತ್ತು. ಇನ್ನೂ ನೂರು ವರ್ಷ ನಿಲ್ತಿತ್ತು."

ಅವಳು ತಲೆ ಎತ್ತಿದಾಗ ಇಬ್ಬರ ಮುಖವೂ ಕಂಡಿತು. ತಾನೇನು ಅಂದೆ ಎಂದು ತಿಳಿದದ್ದು ಆಗ. ಆಡಿದ ಮಾತು, ಒಡೆದ ಮುತ್ತು. ಸುಮ್ಮನೆ ಬೀದಿಯ ಆಚೆ ಬದಿಗೆ ಹೋಗಿ ನಿಂತಳು.

ಮೇಸ್ತ್ರಿ ಅಕ್ಕನ ಕಾಲ ಬಳಿ ಮೆಟ್ಟಿಲ ಮೇಲೆ ಕೂತ. ಸಿಮೆಂಟು ಹಾಕಿದವನು ನಾನು, ನಿನ್ನದೇನೂ ತಪ್ಪಿಲ್ಲ ಎಂದ. ಬಟ್ಟೆ ಮುಚ್ಚಿದವಳು ನಾನು ಎಂದಳು ಅಕ್ಕ. ಚಿಕ್ಕಂದಿನಿಂದ ಯಾವುದಕ್ಕಾದರೂ ಕಚ್ಚಾಡಿ, ಸಂಜೆಯೊಳಗೆ ಒಂದಾಗುತ್ತಿದ್ದವರು ಅವರು. ಈ ಸಲ ಕಚ್ಚಾಟ ಎರಡು ಮಾತಿಗೇ ನಿಂತುಹೋಯಿತು. ಇಬ್ಬರೂ ಹೇಳಿದ್ದು ನಿಜವಾಗಿತ್ತು.

"ನಮ್ಮನೇಗೆ ಬಂದುಬಿಡು. ನನ್ನ ಕೋಣೆ ನಿನಗೆ, ನಾನು ಕೆಲಸದ ಕೊಟ್ಟಿಗೇಲಿ ಮಲಗ್ತೀನಿ" ಅಂದ ಮೇಸ್ತ್ರಿ.

ಅಕ್ಕ ತಲೆಯಾಡಿಸಿದಳು. "ಬೇಡ ಕಣೋ. ನಿನ್ನ ಮೇಲೆ ಸಿಟ್ಟಿಲ್ಲ, ಆಣೆ. ಆದ್ರೆ ನಿನ್ನ ಮುಖ ನೋಡಿದಾಗ್ಲೆಲ್ಲ ನಾನು ಹೇಳದೇ ಇದ್ದದ್ದು ಎದುರಿಗೆ ಬಂದು ನಿಲ್ಲತ್ತೆ. ನನ್ನ ಮುಖ ನೋಡಿದ್ರೆ ನಿನಗೂ ಅಷ್ಟೇ. ದಿನಾ ಊಟಕ್ಕೆ ಎದುರುಬದರು ಕೂತ್ಕೊಂಡು ಅದನ್ನ ಹೆಂಗೋ ನುಂಗೋದು?" ಎದ್ದು ನಿಂತಳು. "ಇವತ್ತು ಊಟಕ್ಕೆ ನಿಲ್ಲಬೇಡ. ಸಾಮಾನು ಇಳಿಸೋಕೂ ಬರಬೇಡ."

ಅವನು ಬೈರಿಗೆ, ಕೊಡತಿ, ಏಣಿ ಎತ್ತಿಕೊಂಡು ಹೋದ. ಮನೆ ಬಿಚ್ಚುವ ಕೆಲಸ ಎಂಟು ದಿನ ನಡೆಯಿತು. ಅವನ ಕೊಟ್ಟಿಗೆಗೆ ಸದ್ದು ಕೇಳುತ್ತಿತ್ತು. ಅಕ್ಕ ಹೇಳಿದಂತೆ ಅವನು ಆ ಕಡೆ ಸುಳಿಯಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ತಡೆಯಲಾಗದೆ ಹೋಗಿ, ಎದುರುಮನೆಯವರನ್ನು ಅಕ್ಕ ಎಲ್ಲಿ ಎಂದು ಕೇಳಿದ. ಅವರು ಅವನನ್ನು ಆಶ್ಚರ್ಯದಿಂದ ನೋಡಿ, "ಹೊಲಿಗೆ ಯಂತ್ರ ಗಾಡಿಗೆ ಹೇರಿಕೊಂಡು ಹೋಗಿ ವಾರದ ಮೇಲಾಯ್ತು. ಎಲ್ಲಿಗೆ ಅಂತ ತಮ್ಮನಿಗೆ ಗೊತ್ತಿರತ್ತೆ ಅಂದ್ಕೊಂಡಿದ್ವಿ" ಎಂದರು.